ಆರೋಗ್ಯ ಕಾರ್ಡು ಸುಳ್ಳಾ? ಡೈರಿ ಸೆಕ್ರೆಟರಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಸೆಕ್ರೆಟರಿ. ಯಶಸ್ವಿನಿ ಆರೋಗ್ಯ ಯೋಜನೆಗೆ ಸದಸ್ಯರನ್ನು ಸೇರಿಸುವ ಕೆಲಸವೂ ನನ್ನ ಮೇಲೆಯೇ. ಕಳೆದ ವರ್ಷ ನಮ್ಮ ಸದಸ್ಯರೊಬ್ಬರ ಹೆಂಡತಿಗೆ ಡೆಂಗಿ ಬಂದು, ಪ್ಲೇಟ್‌ಲೆಟ್ ಇಳಿದು, ಖಾಸಗಿ ಆಸ್ಪತ್ರೆಯಲ್ಲಿ ಆರು ದಿನ ಮಲಗಿದ್ದರು. ಕಾರ್ಡು ತೋರಿಸಿದರೆ ‘ಇದಕ್ಕೆ ಬರಲ್ಲ’ ಅಂದರಂತೆ. ಬಡ್ಡಿಗೆ ಸಾಲ ತಂದು ಬಿಲ್ಲು ಕಟ್ಟಿದರು. ಈ ಸಲ ನೋಂದಣಿಗೆ ಕೂತರೆ ಅರ್ಧಕ್ಕರ್ಧ ಜನ ‘ದುಡ್ ಕಟ್ಟಿ ಏನ್ ಪ್ರಯೋಜ್ನ ಬುಡಣ್ಣ, ಎಲ್ಲಾ ವೋಟಿಗ್ ಯೋಳೋ ಸುಳ್ಳು’ ಅಂತ ಎದ್ದು ಹೋದರು. ಅಮೆರಿಕದಲ್ಲಿರುವ ನನ್ನ ಭಾವಮೈದ ಅಲ್ಲೂ ಇದೇ ಕಥೆ ಅಂತಾನೆ. ಆರೋಗ್ಯದ ವಿಷಯದಲ್ಲಿ ರಾಜಕೀಯದವರು ನಿಜ ಯಾಕೆ ಹೇಳಲ್ಲ? ನಾನು ನಮ್ಮ ಜನರಿಗೆ ಏನಂತ ಹೇಳಲಿ?

ಉತ್ತರ: ಸೆಕ್ರೆಟರಿಯವರೇ, ಮೊದಲು ಆ ಡೆಂಗಿ ಬಿಲ್ಲಿನ ವಿಷಯ ನೋಡೋಣ. ಯಶಸ್ವಿನಿ ಹುಟ್ಟಿದಾಗಿನಿಂದ ಮುಖ್ಯವಾಗಿ ಆಪರೇಷನ್‌ಗಳ ಯೋಜನೆ. ಪಿತ್ತಕೋಶದ ಕಲ್ಲು, ಹರ್ನಿಯಾ, ಗರ್ಭಕೋಶ, ಹೃದಯದ ಕವಾಟ, ಹೀಗೆ ಒಂದು ಉದ್ದ ಪಟ್ಟಿ ಇದೆ. ಜ್ವರಕ್ಕೆ ಅಡ್ಮಿಟ್ ಆಗಿ ಡ್ರಿಪ್ ಹಾಕಿಸಿಕೊಂಡು ಬರುವುದಕ್ಕೆ ಆ ಯೋಜನೆ ಮಾಡಿದ್ದಲ್ಲ. ಹಾಗಾಗಿ ಆಸ್ಪತ್ರೆಯ ಕೌಂಟರಿನಲ್ಲಿ ಕೂತವರು ಹೇಳಿದ್ದು ನಿಯಮದ ಪ್ರಕಾರ ಸರಿಯೇ ಇರಬೇಕು. ಆ ಕುಟುಂಬಕ್ಕೆ ಬಿಪಿಎಲ್ ಕಾರ್ಡು ಇದ್ದಿದ್ದರೆ ಬೇರೆ ದಾರಿಯೇ ಇತ್ತು. ಮದ್ದೂರಿನ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ಸರ್ಕಾರಿ ದೊಡ್ಡಾಸ್ಪತ್ರೆ ಮಿಮ್ಸ್‌ಗೋ ಮೊದಲು ಹೋಗುವುದು, ಅಲ್ಲಿ ಆಗದ ಚಿಕಿತ್ಸೆಯಾದರೆ ಅಲ್ಲಿಂದಲೇ ರೆಫರಲ್ ಬರೆಸಿಕೊಂಡು ಆಯುಷ್ಮಾನ್ ಯೋಜನೆಯಡಿ ಬೇರೆ ಆಸ್ಪತ್ರೆಗೆ ಹೋಗುವುದು. ಈ ಎರಡು ಕಾರ್ಡಿನ ವ್ಯತ್ಯಾಸವನ್ನು ಜ್ವರ ಬರುವುದಕ್ಕೆ ಮುಂಚೆ ಅವರಿಗೆ ಯಾರಾದರೂ ಕೂರಿಸಿಕೊಂಡು ಹೇಳಿದ್ದರೇ? ನಿಮ್ಮ ಪತ್ರ ಓದಿದರೆ ಇಲ್ಲವೆಂದೇ ಕಾಣುತ್ತದೆ.

ಆದ್ದರಿಂದ ನಿಮ್ಮ ಊರಿನವರು ‘ಸುಳ್ಳು’ ಅಂದದ್ದನ್ನು ನಾನು ಅಜ್ಞಾನ ಎನ್ನಲಾರೆ. ದುಡ್ಡು ಕಟ್ಟಿಸಿಕೊಳ್ಳುವಾಗ ‘ಇದು ಬರುತ್ತೆ’ ಅಂತ ಮಾತ್ರ ಹೇಳಿ, ‘ಇದು ಬರಲ್ಲ’ ಅನ್ನುವುದನ್ನು ಆಸ್ಪತ್ರೆಯ ಕೌಂಟರಿಗೆ ಬಿಟ್ಟರೆ, ಕೇಳಿದವರಿಗೆ ಅದು ಮೋಸದ ಹಾಗೆಯೇ ಕೇಳಿಸುತ್ತದೆ. ಮೂವತ್ತು ವರ್ಷ ಮೈಸೂರಿನಲ್ಲಿ ಸಮುದಾಯ ಆರೋಗ್ಯದ ಪಾಠ ಹೇಳಿದವನಾಗಿ, ಈ ಜಿಲ್ಲೆಗಳ ಹಳ್ಳಿ ಸುತ್ತಿದವನಾಗಿ ನನಗೆ ಮನವರಿಕೆಯಾದದ್ದು ಇದು: ಯೋಜನೆ ಚಿಕ್ಕದು ಅಂತ ಜನ ಸಿಟ್ಟಾಗುವುದಿಲ್ಲ. ಚಿಕ್ಕದನ್ನು ದೊಡ್ಡದು ಅಂತ ಹೇಳಿಸಿಕೊಂಡದ್ದಕ್ಕೆ ಸಿಟ್ಟಾಗುತ್ತಾರೆ.

ನೀವು ಮದ್ದೂರಿನವರು, ಈ ಯೋಜನೆಯ ಹುಟ್ಟು ನಿಮಗೆ ದೂರದ ಕಥೆಯಲ್ಲ. ನಿಮ್ಮದೇ ತಾಲ್ಲೂಕಿನ ಸೋಮನಹಳ್ಳಿಯ ಎಸ್. ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಡಾ. ದೇವಿ ಶೆಟ್ಟಿಯವರ ಆಲೋಚನೆ ಹಿಡಿದು, ಸಹಕಾರ ಇಲಾಖೆಯ ಮೂಲಕ ಬಂದದ್ದು ಯಶಸ್ವಿನಿ. 2003ರ ಜೂನ್‌ನಲ್ಲಿ ಜಾರಿಗೆ ಬಂತು. ಆಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ತಿಂಗಳಿಗೆ 5 ರೂಪಾಯಿ ಲೆಕ್ಕ. ಅದರ ಮೇಲೆ ಸರ್ಕಾರ ತಲೆಗೆ 30 ರೂಪಾಯಿ ಹಾಕುತ್ತಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ‘ಐದು ರೂಪಾಯಿಗೆ ಹಾರ್ಟ್ ಆಪರೇಷನ್’ ಅನ್ನುವ ಮಾತು ಊರೂರಿಗೆ ಹೋಯಿತು. ಸರ್ಕಾರದ ಆ 30 ರೂಪಾಯಿಯ ಮಾತು ಹೋಗಲಿಲ್ಲ. 2005ರಲ್ಲಿ ವಂತಿಗೆ 120 ರೂಪಾಯಿ ಆದಾಗ ಸದಸ್ಯರ ಸಂಖ್ಯೆ 21 ಲಕ್ಷದಿಂದ 15 ಲಕ್ಷಕ್ಕಿಂತ ಕೆಳಗಿಳಿಯಿತು. ಆದರೆ ಅಕ್ಕಪಕ್ಕದ ಮನೆಯವರು ಆಪರೇಷನ್ ಮಾಡಿಸಿಕೊಂಡು ನಡೆದುಬರುವುದನ್ನು ಕಣ್ಣಾರೆ ಕಂಡ ಜನ ಎರಡು ಮೂರು ವರ್ಷದಲ್ಲಿ ತಿರುಗಿ ಬಂದರು. 2018ರಲ್ಲಿ ಎಲ್ಲ ಯೋಜನೆಗಳನ್ನೂ ಆರೋಗ್ಯ ಕರ್ನಾಟಕದಲ್ಲಿ ವಿಲೀನ ಮಾಡಿದಾಗ ಯಶಸ್ವಿನಿ ನಿಂತೇಹೋಯಿತು. ಮೊದಲು ನೇರವಾಗಿ ಆಸ್ಪತ್ರೆಗೆ ಹೋಗುತ್ತಿದ್ದ ರೈತ ಈಗ ಸರ್ಕಾರಿ ಆಸ್ಪತ್ರೆಯ ಚೀಟಿಗೆ ಅಲೆಯಬೇಕಾಯಿತು. 2022ರ ಬಜೆಟ್‌ನಲ್ಲಿ ಮತ್ತೆ ಘೋಷಣೆಯಾಗಿ, ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಗರದವರಿಗೆ 1000 ರೂಪಾಯಿ ಎಂದು, 2023ರ ಜನವರಿಯಿಂದ ಶುರುವಾಯಿತು. ಇಪ್ಪತ್ತು ವರ್ಷದಲ್ಲಿ ಒಂದು ಕಾರ್ಡು ಬಂತು, ಹೋಯಿತು, ಹೆಸರು ಬದಲಾಯಿತು, ಮತ್ತೆ ಬಂತು. ವಾಜಪೇಯಿ ಆರೋಗ್ಯಶ್ರೀ, ರಾಜೀವ್ ಆರೋಗ್ಯ ಭಾಗ್ಯ, ಆರೋಗ್ಯ ಕರ್ನಾಟಕ, ಆಯುಷ್ಮಾನ್ ಭಾರತ್: ಸರ್ಕಾರ ಬದಲಾದ ಹಾಗೆ ಬೋರ್ಡೂ ಬದಲಾಗುತ್ತಿದ್ದರೆ, ಇದು ತನ್ನ ಹಕ್ಕು ಎಂದು ಹಳ್ಳಿಯ ಮನುಷ್ಯನಿಗೆ ಅನ್ನಿಸುವುದಾದರೂ ಹೇಗೆ? ಯಾರದೋ ಕೊಡುಗೆ ಅನ್ನಿಸುತ್ತದೆ. ಕೊಡುಗೆಗೆ ಯಾರೂ ಲೆಕ್ಕ ಕೇಳುವುದಿಲ್ಲ.

ನಿಮ್ಮ ಭಾವಮೈದ ಹೇಳಿದ್ದೂ ನಿಜ. ಅಮೆರಿಕದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾತು ಎಲ್ಲಿ ಹುಳಿಯುತ್ತದೆ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಅಲ್ಲಿ 2010ರ ಮಾರ್ಚ್ 23ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾನೂನು ಅಫೋರ್ಡಬಲ್ ಕೇರ್ ಆಕ್ಟ್. ಜನರ ಬಾಯಲ್ಲಿ ಒಬಾಮಾಕೇರ್. ವಿಮೆಯೇ ಇಲ್ಲದ ಕೋಟ್ಯಂತರ ಜನರಿಗೆ ವಿಮೆ ಕೊಡಿಸುವುದು ಉದ್ದೇಶ. ಈಗಾಗಲೇ ವಿಮೆ ಇದ್ದವರಿಗೆ ಭಯ: ನಮ್ಮದು ಏನಾಗುತ್ತದೋ? ಆ ಭಯ ಕಳೆಯಲು ಒಬಾಮ ಮತ್ತೆ ಮತ್ತೆ ಒಂದು ಮಾತು ಹೇಳಿದರು: ನಿಮ್ಮ ಈಗಿನ ಪ್ಲಾನು ನಿಮಗೆ ಇಷ್ಟವಿದ್ದರೆ ಅದನ್ನೇ ಇಟ್ಟುಕೊಳ್ಳಬಹುದು. ಕೆಲಸ ಕೊಟ್ಟ ಕಂಪನಿಯಿಂದ ವಿಮೆ ಪಡೆಯುವ ಬಹುಪಾಲು ಜನರಿಗೆ ಇದು ಹೆಚ್ಚುಕಡಿಮೆ ನಿಜವೂ ಆಗಿತ್ತು. ಸ್ವಂತ ದುಡ್ಡಿನಲ್ಲಿ ಪಾಲಿಸಿ ಕೊಂಡವರ ವಿಷಯ ಬೇರೆ. ಕಾನೂನು ಬಂದ ದಿನ ಪಾಲಿಸಿ ಹೇಗಿತ್ತೋ ಹಾಗೆಯೇ ಉಳಿದರೆ ಮಾತ್ರ ಅದಕ್ಕೆ ಹೊಸ ಕಾನೂನಿನ ನಿಯಮಗಳಿಂದ ವಿನಾಯಿತಿ. ವಿಮಾ ಕಂಪನಿಗಳೋ ವರ್ಷವರ್ಷವೂ ಪಾಲಿಸಿ ಬದಲಾಯಿಸುತ್ತವೆ. ಅಂಥ ಪಾಲಿಸಿಗಳಲ್ಲಿ ನೂರಕ್ಕೆ 40ರಿಂದ 67ರಷ್ಟು ಈ ವಿನಾಯಿತಿ ಕಳೆದುಕೊಳ್ಳುತ್ತವೆ ಎಂದು ಸರ್ಕಾರದ್ದೇ ಅಂದಾಜು 2010ರ ಜೂನ್‌ನಲ್ಲಿ ಅಚ್ಚಾಗಿತ್ತು. ಮಾತು ಮಾತ್ರ ಹಾಗೇ ಮುಂದುವರಿಯಿತು. 2013ರ ಶರತ್ಕಾಲದಲ್ಲಿ ಲಕ್ಷಾಂತರ ಮನೆಗಳಿಗೆ ‘ನಿಮ್ಮ ಪಾಲಿಸಿ ರದ್ದಾಗಿದೆ’ ಎಂಬ ಪತ್ರ ಅಂಚೆಯಲ್ಲಿ ಬಂತು. ನವೆಂಬರ್‌ನಲ್ಲಿ ಒಬಾಮ ಟಿವಿ ಸಂದರ್ಶನದಲ್ಲಿ ಕ್ಷಮೆ ಕೇಳಿದರು. ರಾಜಕಾರಣಿಗಳ ಮಾತಿನ ಸತ್ಯಾಸತ್ಯ ನೋಡುವ ಪಾಲಿಟಿಫ್ಯಾಕ್ಟ್ ಸಂಸ್ಥೆ ‘ಇಟ್ಟುಕೊಳ್ಳಬಹುದು’ ಎಂಬ ಆ ಮಾತನ್ನೇ ಆ ವರ್ಷದ ದೊಡ್ಡ ಸುಳ್ಳು ಎಂದು ಹೆಸರಿಸಿತು.

ಗಮನಿಸಿ, ಆ ವಾಕ್ಯಕ್ಕೆ ‘ಹೆಚ್ಚಿನವರು’ ಅನ್ನುವ ಒಂದು ಪದ ಸೇರಿಸಿದ್ದರೆ ಸಾಕಿತ್ತು. ಹೆಚ್ಚಿನವರು ಇಟ್ಟುಕೊಳ್ಳಬಹುದು, ಕೆಲವರದು ಹೋಗುತ್ತದೆ, ಹೋದವರಿಗೆ ಬೇರೆ ಇದೆ ಎಂದಿದ್ದರೆ ಆ ಪತ್ರ ಬಂದ ದಿನ ಯಾರಿಗೂ ಮೋಸ ಹೋದೆವು ಅನ್ನಿಸುತ್ತಿರಲಿಲ್ಲ. ಆದರೆ ‘ಹೆಚ್ಚಿನವರು’ ಅಂದ ಕೂಡಲೇ ಸಭೆಯಲ್ಲಿ ಕೂತ ಪ್ರತಿಯೊಬ್ಬನೂ ‘ಹಾಗಾದರೆ ನಾನು?’ ಅಂತ ಕೇಳುತ್ತಾನೆ. ಆ ಪ್ರಶ್ನೆಗೆ ಹೆದರಿಯೇ ಪದ ಬಿಡುವುದು.

ವಿರೋಧ ಪಕ್ಷದವರು ಇನ್ನೂ ಕೆಟ್ಟದಾಗಿ ನಡೆದುಕೊಂಡರು. 2009ರಲ್ಲಿ ಆ ಪಕ್ಷದ ನಾಯಕಿ ಸಾರಾ ಪೇಲಿನ್ ಈ ಕಾನೂನು ಬಂದರೆ ಮುದುಕರು, ಅಂಗವಿಕಲರು ಬದುಕಬೇಕೋ ಬೇಡವೋ ಎಂದು ತೀರ್ಮಾನಿಸುವ ‘ಸಾವಿನ ಸಮಿತಿ’ಗಳು ಬರುತ್ತವೆ ಎಂದರು. ಮಸೂದೆಯಲ್ಲಿ ಇದ್ದದ್ದು ಇಷ್ಟೇ: ಕೊನೆಗಾಲದಲ್ಲಿ ತನಗೆ ಎಂಥ ಚಿಕಿತ್ಸೆ ಬೇಕು, ಬೇಡ ಎಂದು ವಯಸ್ಸಾದವರು ವೈದ್ಯರ ಜೊತೆ ಕೂತು ಮಾತಾಡಿದರೆ ಆ ಸಮಾಲೋಚನೆಗೆ ಸರ್ಕಾರ ಶುಲ್ಕ ಕೊಡುತ್ತದೆ. ನಮ್ಮ ಮನೆಗಳಲ್ಲೂ ನಡೆಯಬೇಕಾದ ಮಾತು ಅದು. ಗಲಾಟೆಗೆ ಹೆದರಿ ಆ ಅಂಶವನ್ನೇ ಕೈಬಿಟ್ಟರು. ಅಂಥ ಸಮಾಲೋಚನೆಗೆ ಅಲ್ಲಿನ ಹಿರಿಯರ ಸರ್ಕಾರಿ ವಿಮೆ ಹಣ ಕೊಡಲು ಶುರುಮಾಡಿದ್ದು 2016ರಲ್ಲಿ. ಒಂದು ಸುಳ್ಳಿನಿಂದ ಆರೇಳು ವರ್ಷದಲ್ಲಿ ಎಷ್ಟು ಮನೆಗಳಲ್ಲಿ ಆ ಮಾತು ಆಗದೇ ಉಳಿಯಿತೋ.

ವಿಮೆ ಮಾಡಿಸದವರಿಗೆ ದಂಡ ಹಾಕುವ ನಿಯಮವೂ ಅದರಲ್ಲಿತ್ತು. ಇದು ತೆರಿಗೆಯೇ ಎಂದು 2009ರಲ್ಲಿ ಟಿವಿಯಲ್ಲಿ ಕೇಳಿದಾಗ ಅಧ್ಯಕ್ಷರು ಖಂಡಿತ ಅಲ್ಲ ಅಂದರು. ಆಮೇಲೆ ಕೋರ್ಟಿನಲ್ಲಿ ಸರ್ಕಾರದ ವಕೀಲರು ಇದನ್ನು ತೆರಿಗೆ ಎಂದಾದರೂ ಎತ್ತಿಹಿಡಿಯಿರಿ ಎಂದು ವಾದಿಸಿದರು. 2012ರ ಜೂನ್ 28ರಂದು ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ ಅದನ್ನು ಉಳಿಸಿದ್ದೂ ತೆರಿಗೆ ಹಾಕುವ ಅಧಿಕಾರದ ಹೆಸರಿನಲ್ಲೇ.

ನನ್ನನ್ನು ಹೆಚ್ಚು ಕಾಡಿದ್ದು ಇವರು ಯಾರೂ ಅಲ್ಲ, ಒಬ್ಬ ಮೇಷ್ಟ್ರು. ಆ ಕಾನೂನಿನ ಲೆಕ್ಕಾಚಾರದಲ್ಲಿ ಸಲಹೆ ಕೊಟ್ಟಿದ್ದ ಅರ್ಥಶಾಸ್ತ್ರಜ್ಞ ಜೊನಾಥನ್ ಗ್ರೂಬರ್. ಅವರು ಒಂದು ಸಭೆಯಲ್ಲಿ ಆಡಿದ ಮಾತಿನ ವಿಡಿಯೊ 2014ರ ನವೆಂಬರ್‌ನಲ್ಲಿ ಹೊರಬಿತ್ತು. ಪಾರದರ್ಶಕತೆ ಇಲ್ಲದಿರುವುದೇ ರಾಜಕೀಯವಾಗಿ ದೊಡ್ಡ ಅನುಕೂಲ ಎಂಬುದು ಅದರ ತಿರುಳು. ಮತದಾರರ ಬುದ್ಧಿಯ ಬಗ್ಗೆ ಹಗುರ ಮಾತೂ ಇತ್ತು. ಮುಂದಿನ ತಿಂಗಳು ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು. ಅವರ ಉದ್ದೇಶ ಒಳ್ಳೆಯದೇ, ಬಡವರಿಗೆ ವಿಮೆ ಸಿಗಲಿ ಎಂಬುದೇ. ಆದರೆ ‘ಜನರಿಗೆ ಒಳ್ಳೆಯದಾಗಬೇಕಾದರೆ ಜನರಿಗೆ ಪೂರ್ತಿ ಹೇಳಬಾರದು’ ಎಂಬ ನಂಬಿಕೆ ಕಲಿತವರ ತಲೆಗೆ ಒಮ್ಮೆ ಹೊಕ್ಕರೆ ಅದು ಯಾವ ಮಂತ್ರಿಯ ಸುಳ್ಳಿಗಿಂತಲೂ ಹೆಚ್ಚು ಹಾಳುಮಾಡುತ್ತದೆ. ಮಂತ್ರಿಯ ಮಾತನ್ನು ಜನ ಮೊದಲೇ ಅರ್ಧ ಕಳೆದು ಕೇಳಿರುತ್ತಾರೆ. ಡಾಕ್ಟರ ಮಾತನ್ನು, ಮೇಷ್ಟ್ರ ಮಾತನ್ನು ಹಾಗೆ ಕೇಳಿರುವುದಿಲ್ಲ.

ಇದನ್ನು ನಾನು ದೂರ ನಿಂತು ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ಮಳವಳ್ಳಿ ಕಡೆ ಒಂದು ಆರೋಗ್ಯ ಮೇಳ. ವೇದಿಕೆಯ ಮೇಲೆ ನಾನೂ ಇದ್ದೆ. ಮುಖಂಡರೊಬ್ಬರು ಮೈಕು ಹಿಡಿದು, ಇನ್ನು ಮೇಲೆ ಕಾರ್ಡಿದ್ದವರು ಯಾವ ಆಸ್ಪತ್ರೆಯಲ್ಲೂ ಒಂದು ರೂಪಾಯಿ ಕಟ್ಟಬೇಕಾಗಿಲ್ಲ ಎಂದರು. ಅದು ಹಾಗಲ್ಲ ಎಂದು ನನಗೆ ಗೊತ್ತಿತ್ತು. ಪಟ್ಟಿಯಲ್ಲಿರುವ ಕಾಯಿಲೆ, ಪಟ್ಟಿಯಲ್ಲಿರುವ ಆಸ್ಪತ್ರೆ, ಮುಂಚಿತ ಒಪ್ಪಿಗೆ, ಇಷ್ಟೂ ಕೂಡಿಬಂದರೆ ಮಾತ್ರ. ನನ್ನ ಸರದಿ ಬಂದಾಗ ನಾನು ಕೈ ತೊಳೆಯುವುದು, ಸೊಳ್ಳೆ ಪರದೆ ಅಂತ ಮಾತಾಡಿ ಕೂತೆ. ಹಬ್ಬದ ವಾತಾವರಣ, ಯಾಕೆ ಕೆಡಿಸುವುದು ಅನ್ನಿಸಿತು. ಕೆಲವು ತಿಂಗಳಾದ ಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ನನ್ನನ್ನು ಗುರುತು ಹಿಡಿದರು. ಗಂಡನಿಗೆ ಲಕ್ವ ಹೊಡೆದಿತ್ತು. ಕಾರ್ಡು ಹಿಡಿದು ಮೊದಲು ಹೋದ ಕಡೆ ಸ್ಕ್ಯಾನಿಂಗಿಗೆ, ಔಷಧಿಗೆ ಅಂತ ಕಿವಿಯ ಓಲೆ ಅಡವಿಟ್ಟು ಬಂದಿದ್ದರು. ಜಗಳ ಮಾಡಲಿಲ್ಲ. ‘ನೀವೂ ಅಲ್ಲೇ ಕುಂತಿದ್ರಲ್ಲ ಸಾ, ನೀವಾರ ಯೋಳ್ಬೋದಿತ್ತು’ ಅಂದರು. ಅಷ್ಟೇ. ಆ ಮಾತು ಇವತ್ತಿಗೂ ನನ್ನ ಜೊತೆಗಿದೆ. ನಿಮ್ಮ ಪ್ರಶ್ನೆಗೆ ಇಷ್ಟು ಉದ್ದ ಉತ್ತರ ಬರೆಯುತ್ತಿರುವುದಕ್ಕೂ ಅದೇ ಕಾರಣ.

ನಮ್ಮಲ್ಲಿ ಬಿಟ್ಟುಹೋಗುವ ಪದ ಯಾವುದು ಗೊತ್ತೇ? ‘ವರೆಗೆ’. 2018ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕೇಂದ್ರದ ಆಯುಷ್ಮಾನ್ ಯೋಜನೆ ಹೇಳುವುದು ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ. ಭಾಷಣದಲ್ಲಿ ಅದು ‘5 ಲಕ್ಷ’ ಆಗುತ್ತದೆ. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ‘5 ಲಕ್ಷ ಕೊಡ್ತರಂತೆ’ ಆಗುತ್ತದೆ. ಆ 5 ಲಕ್ಷ ಯಾರ ಹೆಸರಿನಲ್ಲೂ ಬ್ಯಾಂಕಿನಲ್ಲಿ ಇಟ್ಟ ಹಣವಲ್ಲ, ಅದೊಂದು ಮೇಲ್ಮಿತಿ. ಪ್ರತಿ ಚಿಕಿತ್ಸೆಗೂ ಇಂತಿಷ್ಟು ಎಂಬ ಪ್ಯಾಕೇಜ್ ದರ ಮೊದಲೇ ನಿಗದಿಯಾಗಿರುತ್ತದೆ. ಅಷ್ಟನ್ನು ಸರ್ಕಾರ ಆಸ್ಪತ್ರೆಗೆ ಕೊಡುತ್ತದೆ. ದರ ಕಡಿಮೆ ಅನ್ನಿಸಿದರೆ, ಅಥವಾ ಹಳೇ ಬಾಕಿ ಬಂದಿಲ್ಲದಿದ್ದರೆ ಆಸ್ಪತ್ರೆ ‘ಬೆಡ್ ಖಾಲಿ ಇಲ್ಲ’ ಅನ್ನುತ್ತದೆ. ರೋಗಿಗೆ ಕೇಳಿಸುವುದು ಇಷ್ಟು ಮಾತ್ರ. ಆ ‘ಇಲ್ಲ’ದ ಹಿಂದೆ ಪ್ಯಾಕೇಜ್ ದರವಿದೆ, ಬಾಕಿ ಬಿಲ್ಲಿದೆ, ಬಜೆಟ್ ಇದೆ ಅನ್ನುವುದನ್ನು ಚುನಾವಣೆಯಲ್ಲಿ ಯಾವ ಪಕ್ಷವೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಎಪಿಎಲ್‌ನವರ ಸ್ಥಿತಿ ಇನ್ನೂ ಅಸ್ಪಷ್ಟ. 2018ರ ಕರ್ನಾಟಕದ ನಿಯಮದಲ್ಲಿ ಅವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದ ಶೇ. 70 ಕೈಯಿಂದ. ಇದನ್ನು ‘ಎಲ್ಲರಿಗೂ ಆರೋಗ್ಯ’ ಎಂದು ಕರೆದರೆ ಆ ಎಪಿಎಲ್ ಮನೆಯವನು ಏನಂದುಕೊಳ್ಳಬೇಕು? 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ಎಪಿಎಲ್ ಆಗುತ್ತಿವೆ ಎಂದು ರಾಜ್ಯದಲ್ಲೆಲ್ಲ ಗಲಾಟೆಯಾಯಿತಲ್ಲ, ಆಗ ಚರ್ಚೆಯೆಲ್ಲ ಅಕ್ಕಿಯ ಸುತ್ತವೇ ನಡೆಯಿತು. ಕಾರ್ಡಿನ ಬಣ್ಣ ಬದಲಾದರೆ ಆಪರೇಷನ್‌ಗೆ ಸಿಗುವ ನೆರವೂ ಮೂರನೇ ಒಂದಕ್ಕಿಂತ ಕೆಳಗೆ ಇಳಿಯುತ್ತದೆ ಎಂದು ಎಷ್ಟು ಜನರಿಗೆ ತಿಳಿದಿತ್ತು?

ಇನ್ನೊಂದು ದೊಡ್ಡ ಮೌನ ಮಾತ್ರೆಗಳ ಬಗ್ಗೆ. ನಮ್ಮ ಹಳ್ಳಿ ಮನೆಗಳಲ್ಲಿ ದುಡ್ಡು ಸೋರುವುದು ಆಪರೇಷನ್‌ಗಿಂತ ಹೆಚ್ಚಾಗಿ ತಿಂಗಳು ತಿಂಗಳ ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ, ಮಂಡಿನೋವಿನ ಇಂಜೆಕ್ಷನ್, ರಕ್ತಪರೀಕ್ಷೆಗಳಿಗೆ. ಈ ಕಾರ್ಡುಗಳೋ ಆಸ್ಪತ್ರೆಗೆ ಸೇರಿದರೆ ಮಾತ್ರ ಕೆಲಸ ಮಾಡುತ್ತವೆ. ಕೇಂದ್ರದ ನಿಯಮದಲ್ಲಿ ಸೇರುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಖರ್ಚು ಸೇರುತ್ತದೆ. ಹದಿನಾರನೇ ದಿನದ ಮಾತ್ರೆ ನಿಮ್ಮದೇ. ಅದಕ್ಕೆ ಉತ್ತರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಔಷಧಿ ಖಾಲಿಯಾಗದಂತೆ ನೋಡಿಕೊಳ್ಳುವುದು. ಅದರ ಫೋಟೊ ಯಾರೂ ಬೋರ್ಡಿಗೆ ಹಾಕುವುದಿಲ್ಲ.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ದೇಶದ ಒಟ್ಟು ಉತ್ಪನ್ನದ ಶೇ. 2.5ರಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕು ಎಂದಿತು. 2021-22ರಲ್ಲಿ ಅದು ಶೇ. 1.84 ಇತ್ತು. ದೇಶದ ಒಟ್ಟು ಆರೋಗ್ಯದ ಖರ್ಚಿನಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ನೂರಕ್ಕೆ 64 ರೂಪಾಯಿ ಇದ್ದದ್ದು 2021-22ರಲ್ಲಿ 39 ರೂಪಾಯಿಗೆ ಇಳಿಯಿತು ಎಂದು ಸರ್ಕಾರದ ಲೆಕ್ಕ ಹೇಳುತ್ತದೆ. ಇದು ನಿಜಕ್ಕೂ ಸಂತೋಷದ ವಿಷಯ. ಆದರೆ ಆ ಕೊನೆಯ ವರ್ಷ ಕೋವಿಡ್ ಲಸಿಕೆಯ ವರ್ಷ, ಸರ್ಕಾರದ ಖರ್ಚು ಸಹಜವಾಗಿಯೇ ಏರಿತ್ತು ಎಂದು ಜೊತೆಗೇ ಹೇಳಿದರೆ ಆ ಅಂಕಿ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ ಎಂದು ನಾನು ನಂಬುತ್ತೇನೆ. 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಆಯುಷ್ಮಾನ್ ಯೋಜನೆಯ ಬಗ್ಗೆ ಇದೇ ಕೆಲಸ ಮಾಡಿತು, ಕೊರತೆಯನ್ನೂ ಬಿಚ್ಚಿ ಹೇಳಿತು. ಬರೀ ಒಂಬತ್ತುಗಳೇ ಇರುವ ಒಂದೇ ಮೊಬೈಲ್ ನಂಬರಿಗೆ 7.49 ಲಕ್ಷ ಫಲಾನುಭವಿಗಳನ್ನು ಜೋಡಿಸಲಾಗಿತ್ತು. ಮೊದಲೇ ಸತ್ತಿದ್ದಾರೆಂದು ದಾಖಲಾದ 3,446 ರೋಗಿಗಳ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಸಂದಾಯವಾಗಿತ್ತು. ಪೇಪರಿನಲ್ಲಿ ಇದು ಬಂದಾಗ ‘ನೋಡಿ, ಎಲ್ಲ ಮೋಸ’ ಅಂದವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಸರ್ಕಾರದ್ದೇ ಒಂದು ಸಂಸ್ಥೆ ಕೂತು ಲೆಕ್ಕ ತೆಗೆದು ಹೀಗಾಗಿದೆ ಎಂದು ಅಚ್ಚುಹಾಕಿಸಿತಲ್ಲ, ನಂಬಿಕೆಗೆ ಇನ್ನೂ ಜಾಗ ಇರುವುದೇ ಅಲ್ಲಿ.

‘ಎಲ್ಲಾ ಸುಳ್ಳು’ ಅಂದವರಿಗೆ ನೀವು ಒಂದು ವಿಷಯ ಖಂಡಿತ ಹೇಳಬೇಕು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾದಾಗ ಮೊದಲು ಬಂದದ್ದು ಉತ್ತರ ಕರ್ನಾಟಕಕ್ಕೆ. ದಕ್ಷಿಣದ ಜಿಲ್ಲೆಗಳಿಗೆ ಇನ್ನೂ ಬಂದಿರಲಿಲ್ಲ. ಸಂಶೋಧಕರು ಆ ಗಡಿಯ ಈಚೆಗೂ ಆಚೆಗೂ ಇದ್ದ 572 ಹಳ್ಳಿಗಳನ್ನು ಆರಿಸಿಕೊಂಡು, ಮನೆಮನೆಗೆ ಹೋಗಿ ವಿಚಾರಿಸಿದರು. ಒಂದೇ ಬಗೆಯ ಊರು, ಒಂದೇ ಬಗೆಯ ಬಡತನ, ಒಂದು ಕಡೆ ಕಾರ್ಡು ಉಂಟು, ಇನ್ನೊಂದು ಕಡೆ ಇಲ್ಲ. ಯೋಜನೆಗೆ ಸೇರಿದ ಕಾಯಿಲೆಗಳಿಂದ ಆದ ಸಾವು, ಕಾರ್ಡು ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆ ಇತ್ತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು. ಹೃದಯ, ಕ್ಯಾನ್ಸರ್, ಕಿಡ್ನಿ ಇಂಥ ದೊಡ್ಡ ಕಾಯಿಲೆಗಳ ಮಾತು ಇದು. ಕಾರ್ಡು ಎಲ್ಲವನ್ನೂ ಮಾಡುವುದಿಲ್ಲ, ಆದರೆ ಮಾಡುವುದನ್ನು ಮಾಡಿದಾಗ ಜೀವ ಉಳಿಸುತ್ತದೆ. ಅಮೆರಿಕದಲ್ಲೂ ಅಷ್ಟೆ. ಅಷ್ಟೆಲ್ಲ ಸುಳ್ಳು, ಜಗಳದ ನಡುವೆಯೂ ವಿಮೆ ಇಲ್ಲದವರ ಸಂಖ್ಯೆ 4.6 ಕೋಟಿಯಿಂದ ಆರೇ ವರ್ಷದಲ್ಲಿ 3 ಕೋಟಿಗಿಂತ ಕೆಳಗೆ ಬಂತು. ನಿಜ ಹೇಳಿಯೇ ಗೆಲ್ಲಬಹುದಾಗಿದ್ದ ಜಾಗದಲ್ಲಿ ಸುಳ್ಳು ಹೇಳಿದರಲ್ಲ ಎಂಬುದೇ ನನ್ನ ಸಂಕಟ.

ನಿಜ ಹೇಳಿ ಗೆದ್ದವರು ಇದ್ದಾರೆಯೇ ಎಂದರೆ, ಇದ್ದಾರೆ. 1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ಎಲ್ಲರಿಗೂ ಸರ್ಕಾರಿ ವೈದ್ಯಸೇವೆ ಶುರುವಾಯಿತು. ಅದಕ್ಕೆ ಮುಂಚೆ ಮನೆಮನೆಗೆ ಒಂದು ಕರಪತ್ರ ಹಂಚಿದ್ದರು. ಬಡವ ಬಲ್ಲಿದ ಎನ್ನದೆ ಎಲ್ಲರೂ ಬಳಸಬಹುದು, ಕೆಲವು ವಿಶೇಷ ವಸ್ತುಗಳನ್ನು ಬಿಟ್ಟರೆ ಶುಲ್ಕವಿಲ್ಲ ಎಂದು ಹೇಳಿ, ಅದೇ ಉಸಿರಿನಲ್ಲಿ ಇದು ದಾನವಲ್ಲ, ಮುಖ್ಯವಾಗಿ ತೆರಿಗೆಯ ಮೂಲಕ ನೀವೆಲ್ಲರೂ ಇದಕ್ಕೆ ಹಣ ಕೊಡುತ್ತಿದ್ದೀರಿ ಎಂದೂ ಬರೆದಿತ್ತು. ಯುದ್ಧದಿಂದ ಹೈರಾಣಾದ ದೇಶ, ಆದರೂ ‘ಉಚಿತ’ ಅಂತ ಕೂಗಿ ಸುಮ್ಮನಾಗಲಿಲ್ಲ. ಮೂರು ವರ್ಷದಲ್ಲಿ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಶುಲ್ಕ ಬಂತು, ಆ ವೈದ್ಯಸೇವೆಯನ್ನು ಕಟ್ಟಿ ನಿಲ್ಲಿಸಿದ ಮಂತ್ರಿ ಬೆವನ್ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಆದರೂ ಜನ ಆ ವ್ಯವಸ್ಥೆಯನ್ನು ಬಿಟ್ಟುಕೊಡಲಿಲ್ಲ. ದುಡ್ಡು ತಮ್ಮದು ಎಂದು ಅವರಿಗೆ ಮೊದಲ ದಿನವೇ ಗೊತ್ತಿತ್ತಲ್ಲ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಿಮ್ಮ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯನ್ನೇ ನೋಡಿ. ನಕ್ಷೆಯಲ್ಲಿ ಅಚ್ಚುಕಟ್ಟು ಎಂದಿರುವ ಜಮೀನಿಗೆಲ್ಲ ನೀರು ತಲುಪುವುದಿಲ್ಲ ಎಂದು ಕೊನೆ ಭಾಗದ ರೈತರಿಗೆ ನಾನು ಹೇಳಿಕೊಡಬೇಕೇ? ಕನ್ನಂಬಾಡಿಯಲ್ಲಿ ನೀರು ಕಡಿಮೆಯಿದ್ದ ವರ್ಷ ಕಟ್ಟು ಪದ್ಧತಿಯಲ್ಲಿ ಇಂತಿಷ್ಟು ದಿನ ಬಿಡುತ್ತೇವೆ, ಭತ್ತ ಹಾಕಬೇಡಿ ಎಂದು ಮೊದಲೇ ಪ್ರಕಟಿಸಿದರೆ ರೈತ ಬೈದುಕೊಂಡೇ ರಾಗಿ ಬಿತ್ತುತ್ತಾನೆ. ನೀರು ಬರುತ್ತೆ ಬರುತ್ತೆ ಎಂದು ನಾಟಿ ಮಾಡಿಸಿ, ತೆನೆ ಕಟ್ಟುವ ಹೊತ್ತಿಗೆ ತೂಬು ಮುಚ್ಚಿದರೆ ಹೆದ್ದಾರಿಗೆ ಬಂದು ಕೂರುತ್ತಾನೆ. ಎರಡೂ ವರ್ಷ ನೀರು ಅಷ್ಟೇ ಇದ್ದಿರಬಹುದು.

ನಿಮ್ಮ ಡೈರಿಯೂ ಹಾಗೆಯೇ. ಹಾಲು ಹಾಕುವವರ ಎದುರಿಗೇ ಯಂತ್ರದಲ್ಲಿ ಫ್ಯಾಟು, ಎಸ್‌ಎನ್‌ಎಫ್ ಅಂಕಿ ಬರುತ್ತದೆ, ಚೀಟಿ ಕೈಗೆ ಸಿಗುತ್ತದೆ. ದರ ಕಡಿಮೆ ಬಂದ ದಿನವೂ ಜಗಳವಾಗದಿರುವುದಕ್ಕೆ ಅಳತೆ ಕಣ್ಣಿಗೆ ಕಾಣುತ್ತದೆ ಅನ್ನುವುದೇ ಕಾರಣ. ಆರೋಗ್ಯ ಕಾರ್ಡಿಗೂ ಅಂಥದೊಂದು ಚೀಟಿ ಬೇಕು. ಸರ್ಕಾರ ಕೊಡುವ ತನಕ ಕಾಯಬೇಡಿ, ನಿಮ್ಮ ಕೈಯಲ್ಲೇ ಆಗುವಂಥದ್ದು. ನೋಂದಣಿಗೆ ಕೂರುವ ಮುಂಚೆ, ಹಾಲು ಅಳೆಯುವ ಜಾಗದಲ್ಲಿ, ದೊಡ್ಡ ಅಕ್ಷರದಲ್ಲಿ ಹೀಗೆ ಬರೆದು ಹಾಕಿ:

‘ಈ ಕಾರ್ಡು ಮುಖ್ಯವಾಗಿ ಆಪರೇಷನ್‌ಗೆ. ಜ್ವರ, ಭೇದಿ, ಶುಗರ್ ಮಾತ್ರೆಗೆ ಬರುವುದಿಲ್ಲ. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ ನಡೆಯುತ್ತದೆ, ಹೊರಡುವ ಮುಂಚೆ ಕೇಳಿಕೊಂಡು ಹೋಗಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆ ಹಣ ನಿಮ್ಮ ಕೈಗೆ ಬರುವುದಿಲ್ಲ, ಆಸ್ಪತ್ರೆಗೆ ಹೋಗುತ್ತದೆ. ಈ ವರ್ಷ ನಿಮ್ಮ ಮನೆಯಲ್ಲಿ ಕಾಯಿಲೆ ಬರದಿದ್ದರೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ, ಅದು ಇನ್ನೊಬ್ಬರ ಆಪರೇಷನ್‌ಗೆ ಹೋಗಿರುತ್ತದೆ. ಸಾಲದೇ ಬಂದದ್ದನ್ನು ಸರ್ಕಾರ ಕೊಡುತ್ತದೆ, ಅದೂ ನಾವೆಲ್ಲ ಕಟ್ಟಿದ ತೆರಿಗೆಯೇ.’

ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ ಎಂಬ ಸಾಲನ್ನು ಬಿಡಬೇಡಿ. ನಮ್ಮ ಜನಕ್ಕೆ ಚೀಟಿ ವ್ಯವಹಾರ (ಚಿಟ್ ಫಂಡು) ಗೊತ್ತು. ಅದರಲ್ಲಿ ಕಟ್ಟಿದ್ದು ಒಂದಲ್ಲ ಒಂದು ದಿನ ಕೈಗೆ ಬರುತ್ತದೆ. ಇದನ್ನೂ ಹಾಗೇ ಅಂದುಕೊಂಡವರು ಮೂರು ವರ್ಷ ಆರೋಗ್ಯವಾಗಿದ್ದರೆ ನಷ್ಟವಾಯಿತು ಅಂದುಕೊಂಡು ಬಿಟ್ಟುಬಿಡುತ್ತಾರೆ. ಈ ಬೋರ್ಡು ಹಾಕಿದ ವರ್ಷ ಸೇರುವವರು ಇನ್ನಷ್ಟು ಕಡಿಮೆಯಾಗಬಹುದು, ಅದಕ್ಕೆ ಹೆದರಬೇಡಿ. 2005ರಲ್ಲಿ ಹೋದವರು ತಿರುಗಿ ಬಂದದ್ದನ್ನು ಮೇಲೆ ಹೇಳಿದೆ.

ಇನ್ನೊಂದು ಕೆಲಸ ಸರ್ವಸದಸ್ಯರ ಸಭೆಯಲ್ಲಿ. ಜಮಾ ಖರ್ಚು ಓದುತ್ತೀರಲ್ಲ, ಅದರ ಜೊತೆ ಯಶಸ್ವಿನಿಯ ಲೆಕ್ಕವನ್ನೂ ಓದಿ. ನಮ್ಮ ಸಂಘದಿಂದ ಇಷ್ಟು ಕುಟುಂಬ ಕಟ್ಟಿದ್ದು ಇಷ್ಟು, ಆಪರೇಷನ್ ಆದದ್ದು ಇಷ್ಟು ಜನಕ್ಕೆ, ನಿರಾಕರಿಸಿದ್ದು ಇಷ್ಟು, ಕಾರಣ ಇಂಥದ್ದು. ಡೆಂಗಿಯ ಆ ಪ್ರಕರಣವನ್ನೂ ಆ ಮನೆಯವರು ಒಪ್ಪಿದರೆ ಓದಿ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ ಮಾಡಿದ ಮೊದಲ ಕೆಲಸ, ಹೋದ ವರ್ಷ ಸರ್ಕಾರ ಏನು ಮಾಡಿತು ಎಂದು ರೈತರು, ವ್ಯಾಪಾರಿಗಳ ಎದುರಿಗೆ ಓದಿ ಹೇಳಿದ್ದು. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಕೇಳಿಸಿಕೊಳ್ಳುವುದು, ಅಹವಾಲು ಹೇಳುವುದು ಅಷ್ಟೇ. ಅಷ್ಟಕ್ಕೇ ದಸರೆ ಹೊತ್ತಿಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಿಮ್ಮ ಸಭೆಗೆ ಶಾಸಕರನ್ನೂ ಕರೆಯಿರಿ. ‘ಎಪಿಎಲ್‌ನವರಿಗೆ ಎಷ್ಟು ಪಾಲು? ನಮ್ಮ ಪಿಎಚ್‌ಸಿಯಲ್ಲಿ ಈ ತಿಂಗಳು ಶುಗರ್ ಮಾತ್ರೆ ಎಷ್ಟು ದಿನ ಇರಲಿಲ್ಲ? ಆಸ್ಪತ್ರೆಗಳಿಗೆ ಕೊಡಬೇಕಾದ ಬಾಕಿ ಎಷ್ಟು?’ ಈ ಮೂರು ಪ್ರಶ್ನೆಯನ್ನು ಸದಸ್ಯರಿಂದಲೇ ಕೇಳಿಸಿ. ಶಾಸಕರು ‘ಗೊತ್ತಿಲ್ಲ, ತಿಳಿದು ಹೇಳುತ್ತೇನೆ’ ಅಂದರೆ ಅದನ್ನೂ ನಡಾವಳಿಯಲ್ಲಿ ಬರೆದುಕೊಳ್ಳಿ.

ಮುಂದೆ ಯಾರಿಗಾದರೂ ಆಸ್ಪತ್ರೆಯಲ್ಲಿ ‘ಬರಲ್ಲ’ ಅಂದರೆ, ಬಾಯಿಮಾತಿಗೆ ವಾಪಸ್ ಬರಬೇಡಿ ಎಂದು ಹೇಳಿ. ಆಯುಷ್ಮಾನ್ ಕಾರ್ಡಾದರೆ ಅಲ್ಲಿ ಆರೋಗ್ಯ ಮಿತ್ರ ಎಂದು ಒಬ್ಬರು ಕೂತಿರುತ್ತಾರೆ, ಮೊದಲು ಅವರನ್ನೇ ಹಿಡಿಯಬೇಕು. 14555ಕ್ಕೆ ಫೋನ್ ಮಾಡಬೇಕು. ಯಶಸ್ವಿನಿಯಾದರೆ ಸಹಕಾರ ಇಲಾಖೆಯ ತಾಲ್ಲೂಕು, ಜಿಲ್ಲಾ ಕಚೇರಿಗೆ ನೀವೇ ಮಾತಾಡಿ. ಯಾಕೆ ಬರಲ್ಲ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಿ ಅಂದ ಕೂಡಲೇ ಎಷ್ಟೋ ‘ಇಲ್ಲ’ಗಳು ‘ನೋಡೋಣ’ ಆಗುವುದನ್ನು ನಾನು ಕಂಡಿದ್ದೇನೆ. ಆ ಡೆಂಗಿ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಇನ್ನೂ ಇದ್ದರೆ, ಮನೆಯವರ ಪಡಿತರ ಚೀಟಿ ಯಾವುದೆಂದು ತಿಳಿಸಿ, ಒಂದು ಪ್ರತಿ ನನಗೆ ಕಳಿಸಿ. ಸಾಲದಲ್ಲಿ ಸ್ವಲ್ಪವಾದರೂ ತೀರಿಸಲು ಯಾವುದಾದರೂ ದಾರಿ ಉಳಿದಿದೆಯೇ ಎಂದು ನೋಡಿ ಹೇಳುತ್ತೇನೆ. ಇಲ್ಲದಿದ್ದರೆ ಇಲ್ಲವೆಂದೇ ಬರೆಯುತ್ತೇನೆ.